ಅಕ್ಕನ ಮಾತು, ಒಂದು ಬಿಳಿ ಮಚ್ಚೆ

ಹರೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಕೈಗೆ ಬಿಡುವಿರುವುದಿಲ್ಲ, ಬಾಯಿಗೆ ಕೆಲಸವಿರುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಏರ್ಕಾಡಿನಿಂದ ಅಕ್ಕನ ಫೋನ್ ಬರುತ್ತಿತ್ತು. ಸ್ಪೀಕರಿಗೆ ಹಾಕಿ, ವಾರ್ನಿಷ್ ಡಬ್ಬಿಗೆ ಒರಗಿಸಿ ಇಡುತ್ತಿದ್ದೆ. ಅವಳು ಮಾತಾಡುತ್ತಿದ್ದಳು, ನಾನು ತಂತಿ ಸುತ್ತುತ್ತಿದ್ದೆ. ನಡುನಡುವೆ ಒಂದು ‘ಹೂಂ’ ಅಂದರೆ ಸಾಕು, ಅವಳ ಮಾತು ತಾನಾಗಿ ಮುಂದೆ ಹೋಗುತ್ತಿತ್ತು.

“ಕೇಳ್ಲಾ ಇಲ್ಲಿ. ಇವತ್ತೊಂದು ಕೋತಿ ಬಂದು ಕಿಟಕೀಲಿ ಕೂತ್ಕಂಡು ನಾನು ಒಗ್ಗರಣೆ ಆಕೋದ್ನೇ ನೋಡ್ತಾ ಐತೆ. ಮಾಮಿಯಾರ್ ನೋಡ್ದಂಗೆ ನೋಡ್ತಾ ಐತೆ ಕಣ್ಲಾ! ಎಣ್ಣೆ ಜಾಸ್ತಿ ಆಯ್ತು ಅಂತ ಏಳ್ಬುಡ್ತದೋ ಏನೋ ಅಂತ ನಂಗೇ ಬಯ ಆಗೋಯ್ತು.”

ಅತ್ತೆಯನ್ನು ಅವಳು ತಮಿಳಿನಲ್ಲಿ ಮಾಮಿಯಾರ್ ಎಂದೇ ಅನ್ನುತ್ತಿದ್ದಳು. ನಮ್ಮ ಕನ್ನಡವೇ ಹಾಗೆ. ಕಂಬೈನಲ್ಲೂರಿನ ಪಕ್ಕದ ಹಳ್ಳಿ ನಮ್ಮದು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅವ್ವ ತೀರಿಕೊಂಡಾಗ ನಾನಿನ್ನೂ ಸರಿಯಾಗಿ ಮಾತು ಕಲಿತಿರಲಿಲ್ಲವಂತೆ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಪೆಣ್ಣೆ ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದವಳು ಅಕ್ಕ. ಕಲ್ಲು, ನೀರು, ಮೀನು, ಕೊಕ್ಕರೆ ಅಂತ ಒಂದೊಂದನ್ನೇ ತೋರಿಸಿ ಹೇಳಿಕೊಟ್ಟವಳೂ ಅವಳೇ. ಆಮೇಲೆ ಹೊಸೂರಿನ ಮಾವನ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಓದಿದ್ದರಿಂದ ನನಗೆ ಕನ್ನಡ ಬರೆಯಲು ಬಂತು. ಅಕ್ಕ ಓದಿದ್ದು ಊರಿನ ತಮಿಳು ಶಾಲೆಯಲ್ಲಿ. ಅವಳ ಕನ್ನಡ ಪೂರಾ ಬಾಯಲ್ಲಿತ್ತು.

ನನ್ನ ಹೆಂಡತಿಗೂ ಕನ್ನಡ ಬರುತ್ತದೆ. ಆದರೆ ಮಕ್ಕಳು ತಮಿಳಿನಲ್ಲಿ ಕೇಳುತ್ತಾರೆ, ಅವಳು ತಮಿಳಿನಲ್ಲೇ ಹೇಳುತ್ತಾಳೆ, ನಾನೂ ಹಾಗೇ. ದಿನಕ್ಕೊಮ್ಮೆ ಅಕ್ಕನ ಫೋನ್ ಬಂದಾಗ ಮಾತ್ರ ಅಂಗಡಿಯ ತುಂಬ ನಮ್ಮ ಊರಿನ ಕನ್ನಡ ಓಡಾಡುತ್ತಿತ್ತು. ಅದು ಇಲ್ಲವಾಗಬಹುದು ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಮೆಣಸಿನ ಬಳ್ಳಿಯ ವಿಷಯ ಹೇಳುತ್ತಿದ್ದಳು. ಮಾತಿನ ನಡುವೆ “ಅಮ್ಮಾ” ಅಂತ ಕಿರುಚಿದ್ದು ಕೇಳಿತು. ಫೋನ್ ಕಟ್ ಆಯಿತು. ನಾನು ತಿರುಗಿ ಮಾಡಿದೆ, ಎತ್ತಲಿಲ್ಲ. ಸಂಜೆ ಬಾವ ಮಾತಾಡಿದರು. ಬಾವ ಕಾಫಿ ತೋಟದಲ್ಲಿ ಹಣ್ಣು ಸುಲಿಯುವ ಯಂತ್ರ ನೋಡಿಕೊಳ್ಳುವವರು, ಕಡಿಮೆ ಮಾತಿನ ಮನುಷ್ಯ.

“ಬಲಗಡೆ ಕೆನ್ನೇಲಿ ಕರೆಂಟ್ ಒಡ್ದಂಗೆ ಆಯ್ತಂತೆ ಕಣಪ್ಪ. ಅಲ್ಲು ಇರ್ಬೇಕು. ನಾಳೆ ತೋರಿಸ್ಕಂಬರ್ತೀನಿ.”

ಹಲ್ಲಿನ ಡಾಕ್ಟರು ಒಂದು ದವಡೆ ಹಲ್ಲು ಕಿತ್ತರು. ನೋವು ಹೋಗಲಿಲ್ಲ. ಸ್ವಲ್ಪ ದಿನ ಬಿಟ್ಟು ಪಕ್ಕದ ಹಲ್ಲನ್ನೂ ಕಿತ್ತರು. ಆಗಲೂ ಹೋಗಲಿಲ್ಲ. ಅದು ದಿನವಿಡೀ ಇರುವ ನೋವಲ್ಲ. ಮುಖ ತೊಳೆಯಲು ತಣ್ಣೀರು ಮುಟ್ಟಿಸಿದರೆ ಹೊಡೆಯುತ್ತಿತ್ತು. ತುತ್ತು ಅಗಿದರೆ, ಹಲ್ಲು ಉಜ್ಜಿದರೆ, ಬೆಟ್ಟದ ಮಂಜಿನ ಗಾಳಿ ಸೋಕಿದರೆ ಹೊಡೆಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮಾತಾಡಿದರೆ. ಹೊಡೆದಾಗ ಕೈಯಲ್ಲಿದ್ದದ್ದನ್ನು ಬಿಟ್ಟು, ಕೆನ್ನೆಯನ್ನು ಮುಟ್ಟಲೂ ಹೆದರಿ, ಅಂಗೈಯನ್ನು ಕೆನ್ನೆಯಿಂದ ಒಂದಿಷ್ಟು ದೂರ ಹಿಡಿದುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ನೋವು ಇಳಿದ ಮೇಲೆ ಕಣ್ಣಿಂದ ನೀರು ತಾನಾಗಿ ಸುರಿಯುತ್ತಿತ್ತು.

ಅಕ್ಕ ಮಾತು ಬಿಟ್ಟಳು.

ಮೊದಮೊದಲು ಫೋನ್ ಎತ್ತಿ “ಸೊಲ್ಪ ಓಗ್ಲಿ, ಆಮೇಲೆ ಮಾತಾಡ್ತೀನಿ” ಅನ್ನುತ್ತಿದ್ದಳು. ಆಮೇಲೆ ಅದೂ ಇಲ್ಲ. ನಾನು ಮಾತಾಡಿದರೆ ಆ ಕಡೆಯಿಂದ ಉಸಿರು ಕೇಳುತ್ತಿತ್ತು. ಹೂಂ ಅನ್ನುವ ಬದಲು ಉಗುರಿನಿಂದ ಫೋನನ್ನು ತಟ್ಟುತ್ತಿದ್ದಳು. ಹಿಂದುಗಡೆ ಅವಳ ಮನೆಯ ಕುಕ್ಕರ್ ಕೂಗುವುದು, ದೂರದಲ್ಲಿ ಘಾಟಿ ಹತ್ತುವ ಬಸ್ಸಿನ ಹಾರ್ನ್, ಎಲ್ಲ ಕೇಳುತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಏನಾದರೂ ಹೇಳಲೇಬೇಕಾದರೆ ವಾಟ್ಸಾಪಿನಲ್ಲಿ ತಮಿಳಿನಲ್ಲಿ ಬರೆದು ಕಳಿಸುತ್ತಿದ್ದಳು. ‘ಊಟ ಆಯಿತು. ಮಾತ್ರೆ ತಗೊಂಡೆ. ಚಿಂತೆ ಬೇಡ.’ ಶಾಲೆಯಲ್ಲಿ ಕಲಿತ ಅಚ್ಚುಕಟ್ಟಾದ ತಮಿಳು. ಓದಿದರೆ ಯಾರೋ ನೆಂಟರು ಬರೆದ ಹಾಗಿರುತ್ತಿತ್ತು. ಕೋತಿಯಲ್ಲಿ ಅತ್ತೆಯನ್ನು ಕಂಡವಳು ಅದರಲ್ಲಿ ಇರಲಿಲ್ಲ. ನಾನು ಫೋನನ್ನು ಮೇಜಿನ ಮೇಲಿಟ್ಟು ತಂತಿ ಸುತ್ತುತ್ತಿದ್ದೆ. ಎಷ್ಟು ಸುತ್ತು ಆಯಿತೆಂಬ ಲೆಕ್ಕ ಆಗಾಗ ತಪ್ಪುತ್ತಿತ್ತು.

ಸೇಲಂನ ನರದ ಡಾಕ್ಟರು ಅಕ್ಕನ ಮುಖವನ್ನು ಹತ್ತಿಯ ಎಳೆಯಿಂದ ಮುಟ್ಟಿ ನೋಡಿದರು. ಇದು ಹಲ್ಲಿನದಲ್ಲ, ಮುಖದ ನರದ ನೋವು ಅಂದರು. ಅವರು ಕೊಟ್ಟ ಮಾತ್ರೆಯಿಂದ ಸ್ವಲ್ಪ ಇಳಿಯಿತು. ಆದರೆ ಅಕ್ಕನಿಗೆ ಮಂಪರು, ನಡೆದರೆ ತೂರಾಟ. ನರವನ್ನು ಯಾವುದಾದರೂ ಒತ್ತುತ್ತಿದೆಯೋ ನೋಡೋಣ ಅಂತ ತಲೆಯ ಸ್ಕ್ಯಾನ್ ಬರೆದುಕೊಟ್ಟರು.

ಮೊದಲು ತೆಗೆದದ್ದು ಸಿ.ಟಿ. ಸ್ಕ್ಯಾನ್. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ ಡ್ಯೂಟಿ ಡಾಕ್ಟರು ಅಕ್ಕನನ್ನು ತಕ್ಷಣ ಗಾಲಿ ಮಂಚದ ಮೇಲೆ ಮಲಗಿಸಲು ಹೇಳಿದರು. ಮೆದುಳಿನ ಕಾಂಡದ ಪಕ್ಕದಲ್ಲಿ, ಬೂದುಬಣ್ಣದ ನಡುವೆ, ಸುಣ್ಣದಲ್ಲಿ ಬೆರಳು ಅದ್ದಿ ಒತ್ತಿದ ಹಾಗೆ ಒಂದು ಬಿಳಿ ಮಚ್ಚೆ. ಸಿ.ಟಿ.ಯಲ್ಲಿ ಹೊಸ ರಕ್ತ ಹೀಗೆ ಬೆಳ್ಳಗೆ ಕಾಣುತ್ತದಂತೆ. ಊದಿಕೊಂಡ ರಕ್ತನಾಳ ಸೋರಿರಬಹುದು ಅಂದರು. ಆವತ್ತೇ ಅಡ್ಮಿಟ್ ಮಾಡಿ, ರಕ್ತನಾಳಗಳನ್ನು ನೋಡುವ ಇನ್ನೊಂದು ಸ್ಕ್ಯಾನ್ ಮಾಡಿದರು. ನಾಳಗಳೆಲ್ಲ ಸರಿಯಾಗಿದ್ದವು. ಎಲ್ಲೂ ಊತವಿಲ್ಲ, ಸೋರಿಕೆಯಿಲ್ಲ.

“ಹಾಗಾದರೆ ಕಟ್ಟಿಯಾಗಿರಬಹುದು” ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ನಮ್ಮ ಕಿವಿಗೆ ಬಿತ್ತು. ಕಟ್ಟಿ ಅಂದರೆ ತಮಿಳಿನಲ್ಲಿ ಗಡ್ಡೆ. ಬಾವ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಅಕ್ಕನಿಗೆ ಕೇಳಿಸದ ಹಾಗೆ, “ಕಟ್ಟಿ ಅಂದ್ರೇನ್ಲಾ ಅರ್ತ? ಕ್ಯಾನ್ಸರಾ?” ಅಂದರು. ಅಷ್ಟು ವರ್ಷ ತಮಿಳಿನಲ್ಲೇ ದುಡಿದ ಮನುಷ್ಯ ಆ ಪದದ ಅರ್ಥವನ್ನು ನನ್ನನ್ನು ಕೇಳಿದರು. “ಗೊತ್ತಿಲ್ಲ ಬಾವ” ಅಂದೆ.

ಎಂ.ಆರ್.ಐ. ಮಾಡಿಸಿದ ದಿನ ಅಕ್ಕನಿಗೆ ಒಂದೇ ಭಯ. ಒಳಗೆ ಅಲುಗಾಡದೆ ಮಲಗಬೇಕು. ಆಗ ನೋವು ಹೊಡೆದರೆ? ಸನ್ನೆಯಲ್ಲೇ ಕೇಳಿದಳು. ಸ್ಕ್ಯಾನಿನ ಹುಡುಗಿ ಅವಳ ಕೈಗೆ ರಬ್ಬರ್ ಚೆಂಡೊಂದನ್ನು ಕೊಟ್ಟು, “ಒತ್ತಿ ಅಕ್ಕಾ, ನಿಲ್ಲಿಸ್ತೀವಿ” ಅಂದಳು. ಬಾಗಿಲು ಮುಚ್ಚಿತು. ಯಂತ್ರ ಹೊಡೆಯುವ ಸದ್ದು ಗೋಡೆಯಾಚೆಗೂ ಬರುತ್ತಿತ್ತು. ಬಾವ ಅಕ್ಕನ ಬಳೆ, ತಾಳಿ, ಮೂಗುತಿಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಅಕ್ಕ ಚೆಂಡನ್ನು ಒತ್ತಲಿಲ್ಲ. ಹೊರಗೆ ಬಂದಾಗ ದಿಂಬಿನ ಬಟ್ಟೆ ಒಂದು ಕಡೆ ಒದ್ದೆಯಾಗಿತ್ತು.

ಸ್ಕ್ಯಾನ್ ಓದುವ ಡಾಕ್ಟರು ನಡುವಯಸ್ಸಿನ ಹೆಂಗಸು. ನಮ್ಮನ್ನು ಕಂಪ್ಯೂಟರಿನ ಕೋಣೆಗೇ ಕರೆದು ಕೂರಿಸಿದರು. ಅವರು ತಮಿಳಿನಲ್ಲಿ ಹೇಳಿದ್ದನ್ನು ನೆನಪಿರುವಷ್ಟು ಇಲ್ಲಿ ಬರೆಯುತ್ತಿದ್ದೇನೆ.

“ಮೊದಲು ಒಂದು ವಿಷಯ. ಪರದೆಯಲ್ಲಿ ಎಡಗಡೆ ಕಾಣ್ತಿರೋದು ಅವರ ಬಲಗಡೆ. ಎದುರು ನಿಂತು ನೋಡಿದ ಹಾಗೆ. ಇಲ್ಲಿಂದ ಮುಖಕ್ಕೆ ಹೋಗೋ ನರ ಹೊರಡುತ್ತೆ. ಈ ಬಿಳಿಯದು ಅದರ ಮೇಲೆ ಒರಗಿಕೊಂಡಿದೆ. ಅದಕ್ಕೇ ನೋವು. ನೋವಿನ ಕಾರಣ ಸಿಕ್ಕಿತು. ಇದು ಏನು ಅನ್ನೋದು ಇನ್ನೂ ಪೂರ್ತಿ ಸಿಕ್ಕಿಲ್ಲ.”

ಆ ಜಾಗದಲ್ಲಿ ಬರುವ ಒಂದು ಬಗೆಯ ಸಿಸ್ಟ್ ಇದೆಯಂತೆ. ತೊಂದರೆ ಕೊಡುತ್ತದೆ, ಆದರೆ ಕ್ಯಾನ್ಸರಲ್ಲ. ತಾಯಿಯ ಹೊಟ್ಟೆಯಲ್ಲಿ ಮಗು ಮೂಡುವಾಗ ಚರ್ಮವಾಗಬೇಕಾದ ಒಂದು ಚೂರು ದಾರಿತಪ್ಪಿ ಒಳಗೆ ಸಿಕ್ಕಿಕೊಂಡುಬಿಡುತ್ತದೆ. ಅಲ್ಲೇ ಚೀಲವಾಗಿ, ವರ್ಷಗಟ್ಟಲೆ, ಗೊತ್ತಾಗದಷ್ಟು ನಿಧಾನವಾಗಿ ಬೆಳೆಯುತ್ತದೆ. ಸಾಮಾನ್ಯವಾಗಿ ಅದು ಸಿ.ಟಿ.ಯಲ್ಲಿ ನೀರಿನ ಹಾಗೆ ಕಪ್ಪಗೆ ಕಾಣುತ್ತದೆ. ಎಂ.ಆರ್.ಐ.ಯ ಒಂದು ಬಗೆಯ ಚಿತ್ರದಲ್ಲಿ ಮಾತ್ರ ಬಲ್ಬ್ ಹಾಕಿದ ಹಾಗೆ ಹೊಳೆಯುತ್ತದೆ. ಆ ಹೊಳಪು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

“ನಿಮ್ಮ ಅಕ್ಕನದು ಎಲ್ಲದರಲ್ಲೂ ತಿರುಗುಮುರುಗು,” ಅಂದರು. “ಕಪ್ಪಗೆ ಇರಬೇಕಾದಲ್ಲಿ ಬೆಳ್ಳಗಿದೆ. ಬೆಳ್ಳಗಿರಬೇಕಾದಲ್ಲಿ ಕಪ್ಪಗಿದೆ. ಹೊಳೆಯಬೇಕಾದ ಚಿತ್ರದಲ್ಲಿ ಹೊಳೀತಾ ಇಲ್ಲ. ಹಳೇ ರಕ್ತವೂ ಹೀಗೆ ಕಾಣಬಹುದು. ಕೊಬ್ಬು ತುಂಬಿದ ಚೀಲವೂ ಹೀಗೆ ಕಾಣಬಹುದು. ಬೇರೆ ಗಡ್ಡೆಯೂ ಇರಬಹುದು. ಅವಸರದಲ್ಲಿ ಒಂದು ಹೆಸರು ಬರೆದುಬಿಟ್ಟರೆ ಆಮೇಲೆ ನೋಡೋರೆಲ್ಲ ಆ ಹೆಸರನ್ನೇ ನೋಡ್ತಾರೆ.”

ಒಂದೊಂದನ್ನೇ ಪರೀಕ್ಷಿಸಿದ್ದನ್ನು ತೋರಿಸಿದರು. ಕೊಬ್ಬನ್ನು ಅಳಿಸಿಹಾಕುವ ಚಿತ್ರವೊಂದಿದೆ. ಅದರಲ್ಲಿ ಕಣ್ಣಿನ ಹಿಂದಿನ ಕೊಬ್ಬು ಮಾಯವಾಗಿತ್ತು, ಈ ಮಚ್ಚೆ ಬೆಳ್ಳಗೇ ಉಳಿದಿತ್ತು. ಹಾಗಾಗಿ ಕೊಬ್ಬಲ್ಲ. ಕೈಯ ರಕ್ತನಾಳಕ್ಕೆ ಔಷಧ ಚುಚ್ಚಿ ತೆಗೆದ ಚಿತ್ರದಲ್ಲಿ ಮಚ್ಚೆ ಆ ಔಷಧವನ್ನು ಹೀರಿಕೊಂಡಿರಲಿಲ್ಲ. “ಕೆಟ್ಟ ಗಡ್ಡೆಗಳು ಸಾಮಾನ್ಯವಾಗಿ ರಕ್ತ ಕುಡಿದು ಬೆಳೆಯೋವು, ಹೀರಿಕೊಳ್ತವೆ. ಇದು ಹೀರಿಕೊಂಡಿಲ್ಲ. ಅದು ಒಳ್ಳೇದು.” ಉಳಿದದ್ದು ರಕ್ತ. ರಕ್ತವಾದರೆ ದಿನ ಕಳೆದ ಹಾಗೆ ಬಣ್ಣ ಬದಲಾಗುತ್ತದೆ. ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. “ಬದಲಾಗದೆ ಹಾಗೇ ಇದ್ದರೆ, ಇದು ಆ ಸಿಸ್ಟೇ, ಒಳಗಿನ ದ್ರವ ಗಟ್ಟಿಯಾಗಿ ಬೇರೆ ವೇಷ ಹಾಕಿದೆ ಅಂತ ನಾನು ಬರೀತೀನಿ. ಪೂರಾ ಖಾತ್ರಿ ಮಾತ್ರ ತೆಗೆದು ಲ್ಯಾಬಿಗೆ ಕಳಿಸಿದ ಮೇಲೇ.”

ಬಾವ ಒಂದೇ ಪ್ರಶ್ನೆ ಕೇಳಿದರು. “ಇದು ಎಷ್ಟು ದಿನದಿಂದ ಇದೆ ಮೇಡಂ?”

“ನಾನು ಅಂದುಕೊಂಡಿರೋದೇ ಆದರೆ, ಹುಟ್ಟಿದಾಗಿನಿಂದ.”

ಸೇಲಂನಿಂದ ಹರೂರಿಗೆ ಬರುವ ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿತ್ತು. ಹೊಳೆಯ ಕಲ್ಲಿನ ಮೇಲೆ ನಿಂತು ನನಗೆ ಕೊಕ್ಕರೆ ತೋರಿಸಿದಾಗಲೂ ಅದು ಅವಳೊಳಗೆ ಇತ್ತು. ಮದುವೆಯ ದಿನ, ಬೆಟ್ಟದ ಬಸ್ಸು ಹತ್ತುವಾಗ ನನ್ನ ತಲೆ ಹಿಡಿದು ಅತ್ತಳಲ್ಲ, ಆಗಲೂ ಇತ್ತು. ಇಷ್ಟು ವರ್ಷ ಅದು ಅವಳನ್ನು ಮಾತಾಡಲು ಬಿಟ್ಟಿತ್ತು. ಅದಕ್ಕೆ ಬಯ್ಯಬೇಕೋ ಉಪಕಾರ ನೆನೆಯಬೇಕೋ ತಿಳಿಯಲಿಲ್ಲ.

ಕಾಯುವ ಆ ವಾರಗಳಲ್ಲಿ ಭಾನುವಾರ ಬಂತೆಂದರೆ ಏರ್ಕಾಡಿಗೆ ಹೋಗುತ್ತಿದ್ದೆ. ಘಾಟಿಯ ತಿರುವುಗಳಲ್ಲಿ ಬಸ್ಸು ಏದುಸಿರು ಬಿಡುತ್ತ ಹತ್ತುವಾಗ ಅಕ್ಕನಿಗೆ ಏನು ಹೇಳಲಿ ಅಂತ ಜೋಡಿಸಿಕೊಳ್ಳುತ್ತಿದ್ದೆ. ಮಾತಾಡುವ ಕೆಲಸ ಈಗ ನನ್ನದು. ನನಗದು ಬರುತ್ತಿರಲಿಲ್ಲ. ಅವಳು ಉಣ್ಣೆಯ ಮಫ್ಲರಿನಿಂದ ಬಲಗೆನ್ನೆ ಮುಚ್ಚಿಕೊಂಡು, ಆರಿದ ರಾಗಿ ಗಂಜಿಯನ್ನು ಎಡಗಡೆಯಿಂದ ಚಮಚದಲ್ಲಿ ಸುರಿದುಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು. ನಾನು ಮೋಟಾರಿನ ವಿಷಯ ಹೇಳಿದೆ. ಯಾವ ಬಾವಿಯ ಮೋಟಾರು ಏಕೆ ಸುಟ್ಟಿತು, ಬೇರಿಂಗು ಹೇಗೆ ಸವೆದಿತ್ತು. ಅವಳ ಕಣ್ಣಲ್ಲಿ ಸಣ್ಣ ನಗೆ ಬಂತು. ಕೈಯಾಡಿಸಿ ಸಾಕು ಅಂದಳು.

“ಇನ್ನೇನ್ ಏಳ್ಲಿ? ನೀನು ಏಳ್ಕೊಟ್ಟಿದ್ದೇ ಏಳ್ತೀನಿ,” ಅಂದೆ. ಅವಳೇ ಚಿಕ್ಕಂದಿನಲ್ಲಿ ಹೇಳುತ್ತಿದ್ದ ನರಿಯ ಕಥೆ ಶುರುಮಾಡಿದೆ. ಅರ್ಧಕ್ಕೆ ಬಂದಾಗ ಮರೆತುಹೋಯಿತು. ನರಿ ಹೊಳೆ ದಾಟಿತೋ ಇಲ್ಲವೋ? ಅಕ್ಕ ಬೆರಳನ್ನು ಗಾಳಿಯಲ್ಲಿ ಆ ಕಡೆಯಿಂದ ಈ ಕಡೆಗೆ ಎಳೆದಳು. ದಾಟಿತು. ಆಮೇಲೆ? ತುಟಿ ತೆರೆದಳು. ಹೇಳಿಯೇಬಿಡುತ್ತಾಳೆ ಅನಿಸಿತು. ತೆರೆದ ತುಟಿ ಹಾಗೇ ನಿಂತು ಮತ್ತೆ ಮುಚ್ಚಿಕೊಂಡಿತು. ಬಾವ ಎದ್ದು ಕಿಟಕಿ ಹಾಕಿದರು. ಗಾಳಿಯೇನೂ ಬರುತ್ತಿರಲಿಲ್ಲ.

ಎರಡನೆಯ ಸಲದ ಸ್ಕ್ಯಾನಿನಲ್ಲಿ ಮಚ್ಚೆ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಆ ಡಾಕ್ಟರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿ, ಇದು ಸಿಸ್ಟೇ ಅಂತ ಬರೆದರು. ಸರ್ಜನ್ ಆಪರೇಷನ್ ಬಗ್ಗೆ ಹೇಳಿದರು. ಕಿವಿಯ ಹಿಂದೆ ತೆರೆಯುತ್ತೇವೆ. ಚೀಲ ಮೆದುಳಿನ ಕಾಂಡಕ್ಕೆ ಅಂಟಿಕೊಂಡಿರುವ ಕಡೆ ಎಳೆಯುವುದಿಲ್ಲ, ಅಷ್ಟು ಉಳಿಸುತ್ತೇವೆ. ಬಲಕಿವಿ ಹೋಗಬಹುದು. ಅಕ್ಕ ಕೇಳಿಸಿಕೊಂಡು, ಫೋನಿನಲ್ಲಿ ತಮಿಳಿನಲ್ಲಿ ಬರೆದು ತೋರಿಸಿದಳು: ‘ಕಿವಿ ಹೋದರೆ ಹೋಗಲಿ.’

ಆಪರೇಷನ್ ದಿನ ಬೆಳಿಗ್ಗೆಯೇ ಒಳಗೆ ಕರೆದುಕೊಂಡು ಹೋದರು. ಸರ್ಜನ್ ಹೊರಗೆ ಬಂದಾಗ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಊಟದ ಹೊತ್ತು ಮುಗಿದಿತ್ತು. ಮಾಮೂಲಾಗಿ ಇಂಥ ಚೀಲದೊಳಗೆ ಮುತ್ತಿನ ಹಾಗೆ, ಮೇಣದ ಹಾಗೆ ಬೆಳ್ಳಗಿನ ಪದಾರ್ಥ ಇರುತ್ತದಂತೆ. ಇದರಲ್ಲಿ ಇದ್ದದ್ದು ಮಂದವಾದ ಕಂದು ದ್ರವ. “ಎಂಜಿನ್ ಆಯಿಲ್ ಹಾಗಿತ್ತು,” ಅಂದರು. “ಅದಕ್ಕೇ ಸ್ಕ್ಯಾನಿನಲ್ಲಿ ಹಾಗೆ ಕಂಡದ್ದು.” ಬೆಳ್ಳಗಿರುವುದು ಸ್ಕ್ಯಾನಿನಲ್ಲಿ ಕಪ್ಪಗೆ, ಕಪ್ಪಗಿರುವುದು ಬೆಳ್ಳಗೆ. ನನಗೆ ನಗುವೂ ಬಂತು, ಅಳುವೂ ಬಂತು. ಲ್ಯಾಬಿನಿಂದ ರಿಪೋರ್ಟ್ ಬರುವವರೆಗೆ ಬಾವ ಸರಿಯಾಗಿ ಊಟ ಮಾಡಲಿಲ್ಲ. ಚರ್ಮದ ಚೀಲ, ಕ್ಯಾನ್ಸರಲ್ಲ ಅಂತ ಬಂದಾಗ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಬಹಳ ಹೊತ್ತು ಒಬ್ಬರೇ ನಿಂತಿದ್ದರು.

ವಾರ್ಡಿಗೆ ತಂದ ಮೇಲೂ ಅಕ್ಕ ಮಾತಾಡಲಿಲ್ಲ. ನೋವಿದೆಯಾ ಅಂದರೆ ತಲೆಯಾಡಿಸಿ ಇಲ್ಲ ಅಂದಳು. ಒಂದು ಬೆರಳು ಎತ್ತಿ ಕೆನ್ನೆಯ ಹತ್ತಿರ ತಂದಳು, ನಿಲ್ಲಿಸಿದಳು, ಮುಟ್ಟಿದಳು. ಮತ್ತೆ ಮುಟ್ಟಿದಳು. ಆಮೇಲೆ ಅಂಗೈಯನ್ನು ಪೂರ್ತಿ ಇಟ್ಟುಕೊಂಡು ಹಾಗೇ ಮಲಗಿದಳು. ಮಾರನೆಯ ದಿನ ನರ್ಸು ಒದ್ದೆ ಬಟ್ಟೆಯಿಂದ ಮುಖ ಒರೆಸುವಾಗ ಅವಳು ಕಣ್ಣು ಬಿಗಿಯಾಗಿ ಮುಚ್ಚಿ ಕಾದಳು. ಏನೂ ಆಗಲಿಲ್ಲ. ಕಣ್ಣು ಬಿಟ್ಟವಳು ಬಾವನನ್ನು ನೋಡಿ, ಒಡೆದ ದನಿಯಲ್ಲಿ, “ಅಂಗಿ ತಿರುವು ಆಕ್ಕಂಡಿದೀರಲ್ಲ, ಯಾರೂ ಏಳ್ಲಿಲ್ವಾ?” ಅಂದಳು.

ನಿಜವಾಗಿಯೂ ಒಳಮೈ ಹೊರಗಾಗಿ ಹಾಕಿಕೊಂಡಿದ್ದರು. ನಾನೂ ನೋಡಿರಲಿಲ್ಲ. ಬಾವ ಅಂಗಿಯನ್ನು ನೋಡಿಕೊಂಡು, ಬಿಚ್ಚಬೇಕೋ ಬೇಡವೋ ತಿಳಿಯದೆ, ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡರು.

ಬಲಕಿವಿ ಹೋಯಿತು. ಕೆನ್ನೆಯ ಒಂದು ಭಾಗ ಇನ್ನೂ ಮರಗಟ್ಟಿದೆ, ಅನ್ನದ ಅಗುಳು ಅಂಟಿದ್ದರೂ ಗೊತ್ತಾಗುವುದಿಲ್ಲ. ನೋವು ಮಾತ್ರ ತಿರುಗಿ ಬಂದಿಲ್ಲ. ವರ್ಷಕ್ಕೊಮ್ಮೆ ಸೇಲಂಗೆ ಬಂದು ಸ್ಕ್ಯಾನ್ ಮಾಡಿಸುತ್ತಾಳೆ. ಅಂಟಿಕೊಂಡು ಉಳಿದ ಚೂರು ಇದ್ದಲ್ಲೇ, ಇದ್ದಷ್ಟೇ ಇದೆ ಅಂತ ಅದೇ ಡಾಕ್ಟರು ಹೇಳುತ್ತಾರೆ. ಮನೆಗೆಲಸ ಮಾಡುತ್ತಾಳೆ, ಮೆಣಸು ಬಿಡಿಸಲು ಹೋಗುತ್ತಾಳೆ, ರೊಟ್ಟಿ ಅಗಿದು ತಿನ್ನುತ್ತಾಳೆ. ಇದಕ್ಕಿಂತ ಹೆಚ್ಚಿನದನ್ನು ಕೇಳುವುದು ಅತಿಯಾಸೆ ಅಂತ ನನ್ನ ಹೆಂಡತಿ ಅನ್ನುತ್ತಾಳೆ. ಸರಿಯೇ.

ಆದರೆ ಆ ಮಾತು ಬರಲಿಲ್ಲ. ಫೋನ್ ಮಾಡುತ್ತಾಳೆ, ಎಡಕಿವಿಗೆ ಹಿಡಿದು, “ಚೆನ್ನಾಗಿದೀಯಾ? ಮಕ್ಳು? ಸರಿಪ್ಪಾ, ಇಡ್ತೀನಿ” ಅನ್ನುತ್ತಾಳೆ. ನಾನು ಏನಾದರೊಂದು ಕೇಳಿ ಎಳೆಯುತ್ತೇನೆ. ಕೋತಿ ಬಂದಿತ್ತಾ? “ಬಂದಿತ್ತು.” ಮೆಣಸು ಹೇಗಿದೆ? “ಐತೆ ಸುಮಾರಾಗಿ.” ಫೋನ್ ಇಟ್ಟ ಮೇಲೂ ಅದನ್ನು ಡಬ್ಬಿಗೆ ಒರಗಿಸಿಯೇ ಬಿಟ್ಟು ಕೆಲಸ ಮುಂದುವರಿಸುತ್ತೇನೆ.

ಒಮ್ಮೆ ಕೇಳಿಯೇಬಿಟ್ಟೆ. “ಅಕ್ಕಾ, ಮೊದ್ಲಂಗೆ ಯಾಕೆ ಮಾತಾಡಲ್ಲ ನೀನು? ವಲಿ ಓಯ್ತಲ್ಲ?” ನೋವಿಗೆ ನಾವು ತಮಿಳಿನ ವಲಿ ಎನ್ನುವುದೇ ಹೆಚ್ಚು.

“ಓಯ್ತು ಕಣ್ಲಾ. ಆದ್ರೆ ಬಾಯಿ ತೆಗ್ದಾಗೆಲ್ಲ, ಈಗ ಒಡೀತದೇನೋ ಅಂತ ಒಳಗೆ ಏನೋ ಒಂದು ಕಾಯ್ತಾ ಇರ್ತದೆ. ಅದಕ್ಕೆ ನೀನು ಬೇಸರ ಮಾಡ್ಕಬೇಡ.”

ಈ ಸಲ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಕಂಬೈನಲ್ಲೂರಿನಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆ ಇತ್ತು. ಅಕ್ಕ, ಬಾವ ಹಿಂದಿನ ದಿನವೇ ಬಂದಿದ್ದರು. ನಾನು ಮಧ್ಯಾಹ್ನ ಅಂಗಡಿ ಮುಚ್ಚಿ ಹೋದೆ. ಚಪ್ಪರದಲ್ಲಿ ಕುರ್ಚಿ ಜೋಡಿಸುತ್ತಿದ್ದರು, ಮೈಕಿನಲ್ಲಿ ತಮಿಳು ಹಾಡು. ಅಡುಗೆಮನೆಗೆ ನೀರು ಸಾಲದು ಅಂದದ್ದಕ್ಕೆ ಕೊಡ ತುಂಬಿ ಹೊತ್ತುಕೊಂಡು ಹಿತ್ತಲಿಗೆ ಹೋದೆ. ಅಲ್ಲಿ ಹೆಂಗಸರು ಸಾಂಬಾರು ಈರುಳ್ಳಿ ಸುಲಿಯುತ್ತ ಕೂತಿದ್ದರು. ಗೋಡೆಯ ಮರೆಯಿಂದ ಒಂದು ದನಿ ಬರುತ್ತಿತ್ತು.

“…ಅವ್ವ ಏನ್ ಮಾಡಿದ್ಲು ಗೊತ್ತಾ ದೊಡ್ಡವ್ವಾ, ಒಳೆ ತುಂಬಿ ಬಂದಿರೋ ದಿನ, ಸೀರೆ ಒಗ್ಯಕ್ ಓಗಿ, ಒಂದ್ ಸೀರೆ ಬಿಟ್ಟುಬಿಟ್ಳು ನೀರಿಗೆ. ಅಪ್ಪಂಗೆ ಏಳ್ಬೇಕಲ್ಲ? ಏಳ್ತಾಳೆ, ಮೊಸಳೆ ಉಟ್ಕಂಡ್ ಓಯ್ತು ಅಂತ…”

ಊರಿನ ಮುದುಕಿ ದೊಡ್ಡವ್ವ ಬಿದ್ದು ಬಿದ್ದು ನಕ್ಕರು. ಅಕ್ಕ ನಿಲ್ಲಿಸಲಿಲ್ಲ. ಮೊಸಳೆಯ ದನಿಯಲ್ಲಿ ಒಂದಿಷ್ಟು ಹೇಳಿದಳು, ಅಪ್ಪನ ದನಿಯಲ್ಲಿ ಒಂದಿಷ್ಟು, ನನಗೆ ನೆನಪೇ ಇಲ್ಲದ ಅವ್ವನ ದನಿಯಲ್ಲಿ ಒಂದಿಷ್ಟು.

ಎದುರಿಗೆ ಹೋದರೆ ನಿಲ್ಲಿಸಿಬಿಡುತ್ತಾಳೆ ಅನಿಸಿತು. ತುಂಬಿದ ಕೊಡವನ್ನು ಸದ್ದಾಗದ ಹಾಗೆ ನೆಲಕ್ಕಿಳಿಸಿ, ಗೋಡೆಯ ಈಚೆ ನಿಂತೆ. ಅಡುಗೆಯವನು ನೀರೆಲ್ಲಿ ಅಂತ ಎರಡು ಸಲ ಕೂಗಿದ. ನಾನು ಓ ಅನ್ನಲಿಲ್ಲ.